ಹುಬ್ಬಳ್ಳಿಗೆ ಅಕ್ಷರ ಮೂರೋ, ಒಂಬತ್ತೋ? ಪ್ರೋಗ್ರಾಮಿಂಗ್ ಪುಸ್ತಕ ಆರಿಸುವ ಬಗೆ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ತೆರೆದು 'ಗದಗ' ಎಂಬ ಪದದ ಉದ್ದ ಎಷ್ಟು ಎಂದು ಕೇಳಿ. 3 ಎನ್ನುತ್ತದೆ. ಸರಿ, ನಾವು ಎಣಿಸಿದರೂ ಮೂರೇ. ಈಗ 'ಹುಬ್ಬಳ್ಳಿ' ಎಷ್ಟು ಎಂದು ಕೇಳಿ. 9 ಎನ್ನುತ್ತದೆ. ಹು, ಬ್ಬ, ಳ್ಳಿ. ನಮ್ಮ ಲೆಕ್ಕಕ್ಕೆ ಇದೂ ಮೂರೇ ಅಲ್ವಾ?

ನನ್ನ ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ಭಾನುವಾರ ಬೆಳಿಗ್ಗೆ ಮನೆಯ ಮೇಲಿನ ಕೋಣೆಯಲ್ಲಿ ಏಳೆಂಟು ಮಂದಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಕುಂದಗೋಳ, ನವಲಗುಂದ, ಬ್ಯಾಡಗಿ ಕಡೆಯಿಂದ ಬಂದು ಇಲ್ಲಿ ರೂಮ್ ಮಾಡಿಕೊಂಡು ಓದುತ್ತಿರುವ ಹುಡುಗ ಹುಡುಗಿಯರು. ಹೆಚ್ಚಿನವರು ಕನ್ನಡ ಮಾಧ್ಯಮದವರು. ಅವರಲ್ಲೊಬ್ಬ ಈ 9 ನೋಡಿ, ತನ್ನ ಪುಸ್ತಕ ತಂದು ನನ್ನ ಮುಂದೆ ಇಟ್ಟ. "ಸರ್, ಇದರಾಗ ಉದ್ದ ಅಂದ್ರ ಅಕ್ಷರದ ಲೆಕ್ಕ ಅಂತ ಬರದಾರ. ಹಂಗಾದ್ರ ಇನ್ನ ಆರು ಎಲ್ಲಿಂದ ಬಂದ್ವು?"

ಪುಸ್ತಕ ಸುಳ್ಳು ಹೇಳಿರಲಿಲ್ಲ. ಇಂಗ್ಲಿಷ್ ಪದಗಳಿಗೆ ಆ ಮಾತು ಹೊಂದುತ್ತದೆ. ಆದರೆ ಕಂಪ್ಯೂಟರ್ ಕನ್ನಡವನ್ನು ಬಿಡಿಸಿ ಇಡುತ್ತದೆ. ಮೂಲ ಅಕ್ಷರ ಬೇರೆ, ಕಾಗುಣಿತದ ಚಿಹ್ನೆ ಬೇರೆ, ಒತ್ತು ಬರಿಸುವ 'ವಿರಾಮ' (ಬ್ ಎಂದು ಬರೆಯುವಾಗ ಮೇಲೆ ಬರುವ ಚಿಹ್ನೆ) ಬೇರೆ. ಹ, ಉಕಾರದ ಚಿಹ್ನೆ, ಬ, ವಿರಾಮ, ಬ, ಳ, ವಿರಾಮ, ಳ, ಇಕಾರದ ಚಿಹ್ನೆ. ಎಣಿಸಿ ನೋಡಿ, ಒಂಬತ್ತು. ಒಂದೊಂದಕ್ಕೂ ಯೂನಿಕೋಡ್ ಎಂಬ ಪಟ್ಟಿಯಲ್ಲಿ ಒಂದೊಂದು ಸಂಖ್ಯೆ ಇದೆ. ಪೈಥಾನ್ ಎಣಿಸುವುದು ಆ ಸಂಖ್ಯೆಗಳನ್ನು. ಗದಗದಲ್ಲಿ ಕಾಗುಣಿತವೂ ಇಲ್ಲ, ಒತ್ತೂ ಇಲ್ಲ. ಅದಕ್ಕೇ ಅಲ್ಲಿ ಲೆಕ್ಕ ಸರಿಹೋಯಿತು.

ಆ ಹುಡುಗನ ಪುಸ್ತಕ ಬರೀ ಏನು ಎಂದು ಹೇಳಿ ಮುಂದೆ ಹೋಗಿತ್ತು. ಅದೇ ವಿಷಯಕ್ಕೆ ಇನ್ನೊಂದು ಪುಸ್ತಕ ಎರಡು ಸಾಲು ಹೆಚ್ಚು ಖರ್ಚು ಮಾಡಿ, ಅಕ್ಷರ ಎಂದರೆ ಕಂಪ್ಯೂಟರಿಗೆ ಏನು ಎಂದು ಹೇಳಿರುತ್ತದೆ. ಈ ವ್ಯತ್ಯಾಸ ಮುಖಪುಟ ನೋಡಿದರೆ ಗೊತ್ತಾಗುವುದಿಲ್ಲ, ಪರಿವಿಡಿ ನೋಡಿದರೂ ಗೊತ್ತಾಗುವುದಿಲ್ಲ. ನಿಮ್ಮ ಕೈಯಲ್ಲಿ ಒಂದು ಪ್ರಶ್ನೆ ಇದ್ದರೆ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ "ಬೆಸ್ಟ್ ಬುಕ್ ಯಾವುದು ಸರ್" ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಪುಸ್ತಕ ನೋಡಲು ಹೋಗುವ ಮೊದಲು ನಿಮ್ಮದೇ ಒಂದು ಪ್ರಶ್ನೆ ಇಟ್ಟುಕೊಳ್ಳಿ. ನಿಮಗೆ ಈ ಭಾಷೆಯಿಂದ ಏನು ಮಾಡಬೇಕಾಗಿದೆ? ಅಪ್ಪನ ಮೆಣಸಿನಕಾಯಿ ವ್ಯಾಪಾರದ ಲೆಕ್ಕ ಇಡಬೇಕಾ? ಸೆಮಿಸ್ಟರ್ ಪಾಸಾಗಬೇಕಾ? ವೆಬ್‌ಸೈಟ್ ಮಾಡಬೇಕಾ? ಮೂರಕ್ಕೂ ಬೇಕಾದ ಪುಸ್ತಕ ಬೇರೆ ಬೇರೆ. ಎಷ್ಟೋ ಸಲ ಭಾಷೆಯೇ ಬೇರೆ.

ಒಂದು ವಾರ ಕಳೆದ ತಪ್ಪು

ನಾನು ಪೈಥಾನ್ ಕಲಿಯಲು ಹೊರಟಾಗ ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ದಪ್ಪ ಪುಸ್ತಕ ಕೊಂಡೆ. ಎಂಟುನೂರು ಪುಟ ಇರಬೇಕು. ದಪ್ಪ ಇದ್ದರೆ ಎಲ್ಲ ಇರುತ್ತದೆ ಎಂದು ನಂಬಿದ್ದೆ. ಮೊದಲ ಪುಟದ ಮೊದಲ ಸಾಲು, ಪ್ರಿಂಟ್ ಎಂದು ಬರೆದು ಪಕ್ಕದಲ್ಲಿ ಒಂದು ವಾಕ್ಯ. ಹಾಗೇ ಟೈಪ್ ಮಾಡಿದೆ. ಎರರ್ ಬಂತು. ಅಕ್ಷರ ಅಕ್ಷರ ಹೋಲಿಸಿದೆ, ಎಲ್ಲ ಸರಿ ಇತ್ತು. ಮತ್ತೆ ಎರರ್. ಇನ್‌ಸ್ಟಾಲ್ ಕೆಟ್ಟಿದೆ ಎಂದುಕೊಂಡು ತೆಗೆದು ಹಾಕಿ ಮತ್ತೆ ಹಾಕಿದೆ. ಒಂದು ವಾರ ಹೀಗೇ ಹೋಯಿತು. ಕೊನೆಗೆ ಇದು ನನ್ನಂಥವರಿಗೆ ಆಗುವ ಕೆಲಸ ಅಲ್ಲ ಅನ್ನಿಸಿಬಿಟ್ಟಿತ್ತು.

ಕಾರಣ ಸಣ್ಣದು. ಪುಸ್ತಕ ಪೈಥಾನ್ 2ರದು, ನನ್ನ ಕಂಪ್ಯೂಟರಿನಲ್ಲಿದ್ದದ್ದು ಪೈಥಾನ್ 3. ಹಳೆಯದರಲ್ಲಿ ಪ್ರಿಂಟ್‌ಗೆ ಕಂಸ ಬೇಡ, ಹೊಸದರಲ್ಲಿ ಬೇಕೇ ಬೇಕು. ಇದನ್ನು ಒಬ್ಬರು ಹೇಳಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಹೇಳುವವರು ಹತ್ತಿರ ಇರಲಿಲ್ಲ. ಎಷ್ಟು ಮಂದಿ ಇಂಥ ಒಂದು ಸಣ್ಣ ಕಾರಣಕ್ಕೆ ಕೋಡಿಂಗ್ ಬಿಟ್ಟು ಹೋಗಿರಬಹುದು ಎಂದು ನೆನೆದರೆ ಈಗಲೂ ಬೇಸರವಾಗುತ್ತದೆ. ಆದ್ದರಿಂದ ಪುಸ್ತಕದ ವಯಸ್ಸಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪುಸ್ತಕದ ವಯಸ್ಸು, ಭಾಷೆಯ ವಯಸ್ಸು

ಪೈಥಾನ್ 3 ಹೊರಬಂದದ್ದು 2008ರ ಡಿಸೆಂಬರಿನಲ್ಲಿ. ಆದರೂ ಪೈಥಾನ್ 2 ಬಹಳ ವರ್ಷ ಜೊತೆಯಲ್ಲೇ ನಡೆಯಿತು. ಅದಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ಅಂದರೆ ಹನ್ನೊಂದು ವರ್ಷಕ್ಕೂ ಜಾಸ್ತಿ ಕಾಲ ಎರಡೂ ಬಗೆಯ ಪುಸ್ತಕಗಳು ಒಟ್ಟಿಗೆ ಅಂಗಡಿಯಲ್ಲಿದ್ದವು. ಹಳೇ ಪುಸ್ತಕದ ರಾಶಿಯಲ್ಲಿ ಇಂದೂ ಸಿಗುತ್ತವೆ.

ಎರರ್ ಬಂದರೆ ಪುಣ್ಯ, ಏನೋ ತಪ್ಪಿದೆ ಎಂದಾದರೂ ತಿಳಿಯುತ್ತದೆ. ಎರರ್ ಬರದೆ ಉತ್ತರ ಮಾತ್ರ ಬೇರೆಯಾದರೆ ಕಷ್ಟ ದೊಡ್ಡದು. ಪೈಥಾನ್ 2ರಲ್ಲಿ 7/2 ಎಂದರೆ 3. ಪೈಥಾನ್ 3ರಲ್ಲಿ 3.5. ನಮ್ಮ ಹುಬ್ಬಳ್ಳಿಯ ಉದ್ದವನ್ನು ಪೈಥಾನ್ 2ರಲ್ಲಿ ಸುಮ್ನೆ ಕೇಳಿದರೆ 9 ಕೂಡ ಬರುವುದಿಲ್ಲ, ಸಾಮಾನ್ಯವಾಗಿ 27 ಬರುತ್ತದೆ. ಅದು ಎಣಿಸುವುದು ಬೈಟ್‌ಗಳನ್ನು, ಅಂದರೆ ಮೆಮೊರಿಯಲ್ಲಿ ಹಿಡಿಯುವ ಜಾಗವನ್ನು. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ಒಂಬತ್ತು ಮೂರಲೆ ಇಪ್ಪತ್ತೇಳು.

ಸಿ ಭಾಷೆಯಲ್ಲಿ ಕಥೆ ಬೇರೆ. ಭಾಷೆ ಹೆಚ್ಚು ಬದಲಾಗಿಲ್ಲ, ಆದರೆ ಅದರ ಸುತ್ತಲಿನ ಸಾಮಾನು ಬದಲಾಗಿದೆ. ನಮ್ಮ ಕಡೆ ಸಿ ಕಲಿತ ಬಹಳ ಮಂದಿ ಟರ್ಬೊ ಸಿ ಎಂಬ ನೀಲಿ ಪರದೆಯಲ್ಲಿ ಕಲಿತವರು. ಅದು 1987ರಲ್ಲಿ ಬೋರ್ಲ್ಯಾಂಡ್ ಕಂಪನಿ ಡಾಸ್ ಎಂಬ ಹಳೇ ಆಪರೇಟಿಂಗ್ ಸಿಸ್ಟಮ್‌ಗಾಗಿ ತಂದ ಕಂಪೈಲರ್, ಅಂದರೆ ನಾವು ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸುವ ಸಾಧನ. ಅದನ್ನು ನಂಬಿ ಬರೆದ ಪುಸ್ತಕಗಳು ಇಂದಿಗೂ ಮಾರಾಟವಾಗುತ್ತವೆ. ಇವುಗಳಲ್ಲಿ 'ಇಂಟ್' ಎಂಬ ಪೂರ್ಣಾಂಕಕ್ಕೆ ಎರಡು ಬೈಟ್ ಎಂದು ಬರೆದಿರುತ್ತದೆ. ಎರಡು ಬೈಟ್ ಎಂದರೆ 32,767ರ ತನಕ ಮಾತ್ರ ಜಾಗ.

ಇದು ಏಕೆ ಮುಖ್ಯ ಎಂದು ಬ್ಯಾಡಗಿಯ ಹುಡುಗಿಗೆ ಅವಳ ಊರಿನ ಲೆಕ್ಕದಲ್ಲೇ ತೋರಿಸಿದೆ. ಮೆಣಸಿನಕಾಯಿ ಕ್ವಿಂಟಲ್‌ಗೆ 20,000 ರೂಪಾಯಿ ಎಂದು ಇಟ್ಟುಕೊಳ್ಳಿ. 5 ಕ್ವಿಂಟಲ್ ಮಾರಿದರೆ 1,00,000. ಟರ್ಬೊ ಸಿ ಯಲ್ಲಿ ಎರಡನ್ನೂ ಇಂಟ್ ಎಂದು ಬರೆದು ಗುಣಿಸಿದರೆ ಪರದೆಯ ಮೇಲೆ ಬರುವುದು -31,072. ಜಾಗ ಸಾಲದೆ ಸಂಖ್ಯೆ ಸುತ್ತು ಹಾಕಿ ಮೈನಸ್ ಕಡೆಗೆ ಬಂದಿರುತ್ತದೆ. ಇಂದಿನ ಜಿಸಿಸಿ ಕಂಪೈಲರ್‌ನಲ್ಲಿ, ನಮ್ಮ ಮಾಮೂಲು ಕಂಪ್ಯೂಟರುಗಳಲ್ಲಿ, ಇಂಟ್‌ಗೆ ನಾಲ್ಕು ಬೈಟ್. ಅಲ್ಲಿ ಸರಿಯಾಗಿ 1,00,000 ಬರುತ್ತದೆ. ಇಂಟ್‌ಗೆ ಇಂತಿಷ್ಟೇ ಬೈಟ್ ಎಂದು ಸಿ ಭಾಷೆ ಎಂದೂ ಕಟ್ಟು ಹಾಕಿಲ್ಲ, ಅದು ಕಂಪೈಲರನ್ನೂ ಯಂತ್ರವನ್ನೂ ಅವಲಂಬಿಸಿದ್ದು. ಒಳ್ಳೆಯ ಸಿ ಪುಸ್ತಕ ಈ ಒಂದು ಮಾತನ್ನು ಹೇಳಿಯೇ ಹೇಳುತ್ತದೆ. ಎರಡು ಬೈಟ್ ಎಂದು ಬರೆದು ಸುಮ್ಮನಾಗುವ ಪುಸ್ತಕವನ್ನು ನಾನು ಕೊಳ್ಳಬೇಡಿ ಎನ್ನುತ್ತೇನೆ. ಇನ್ನೊಂದು ಗುರುತು: ಪ್ರತಿ ಪ್ರೋಗ್ರಾಮಿನ ತಲೆಯಲ್ಲೂ 'ಕೊನಿಯೋ' ಎಂಬ ಫೈಲನ್ನು ಕರೆದಿದ್ದರೆ ಅದು ಟರ್ಬೊ ಕಾಲದ ಪುಸ್ತಕ. ಲಿನಕ್ಸ್‌ನ ಜಿಸಿಸಿಗೆ ಆ ಫೈಲ್ ಗೊತ್ತೇ ಇಲ್ಲ.

ಹಾಗಂತ ಹಳೆಯದೆಲ್ಲ ಕೆಟ್ಟದ್ದು ಎನ್ನುವಂತಿಲ್ಲ. ಸಿ ಭಾಷೆಯನ್ನು ರೂಪಿಸಿದ ಡೆನಿಸ್ ರಿಚ್ಚಿ, ಬ್ರಯಾನ್ ಕರ್ನಿಹಾನ್ ಜೊತೆ ಸೇರಿ ಬರೆದ ಪುಸ್ತಕ 1978ರದು, ಎರಡನೇ ಆವೃತ್ತಿ 1988ರದು. ಮುನ್ನೂರು ಪುಟವೂ ಇಲ್ಲ. ಅದನ್ನು ಇಂದಿಗೂ ಓದಬಹುದು, ಓದಬೇಕು. ಆದರೆ ಹೊಸಬರಿಗೆ ಮೊದಲ ಪುಸ್ತಕವಾಗಿ ಅದನ್ನು ಕೊಡುವುದು ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದು ಪ್ರೋಗ್ರಾಮಿಂಗ್‌ನ ಮೊದಲ ಪಾಠದ ಪುಸ್ತಕ ಅಲ್ಲ, ವೇರಿಯಬಲ್ (ಸಂಖ್ಯೆಗೋ ಪದಕ್ಕೋ ಇಟ್ಟ ಹೆಸರು), ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವುದು), ಫಂಕ್ಷನ್ ಎಂದರೇನು ಎಂದು ಸ್ವಲ್ಪ ಗೊತ್ತಿದ್ದವರಿಗೆ ಎಂದು ಅವರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಮುನ್ನುಡಿ ಓದುವ ಅಭ್ಯಾಸ ನಮಗೆ ಕಡಿಮೆ. ಪುಸ್ತಕ ಯಾರಿಗೆ ಎಂದು ಬರೆದವರು ಹೇಳುವುದು ಅಲ್ಲೇ.

ಜಾವಾ ಕೊಳ್ಳುವವರು 2014ರಲ್ಲಿ ಬಂದ ಜಾವಾ 8 ಅಥವಾ ಅದರ ಮುಂದಿನದ್ದು ಇದೆಯಾ ನೋಡಿ. ಜಾವಾಸ್ಕ್ರಿಪ್ಟ್ ಆದರೆ 2015ರಲ್ಲಿ ಭಾಷೆಗೆ ದೊಡ್ಡ ಬದಲಾವಣೆ ಬಂತು, ಅದಕ್ಕಿಂತ ಹಿಂದಿನ ಪುಸ್ತಕ ಬೇಡ. ಇದೆಲ್ಲ ತಿಳಿಯುವುದು ಮುಖಪುಟ ತಿರುಗಿಸಿದ ಮೇಲೆ ಬರುವ, ಸಣ್ಣ ಅಕ್ಷರದ ಪುಟದಲ್ಲಿ. ಅಲ್ಲಿ ಮರುಮುದ್ರಣದ ವರ್ಷ ನೋಡಿ ಮೋಸ ಹೋಗಬೇಡಿ. ಆವೃತ್ತಿಯ ವರ್ಷ ನೋಡಿ. 2023ರಲ್ಲಿ ಮರುಮುದ್ರಣವಾದ ಪುಸ್ತಕದ ಒಳಗಿನ ಮಾತು 2005ರದ್ದಾಗಿರಬಹುದು.

ಕಿಟೆಲ್ ನಿಘಂಟು ಓದಿ ಕನ್ನಡ ಕಲಿಯಬಹುದಾ?

ಬಾಸೆಲ್ ಮಿಷನ್‌ನ ಫರ್ಡಿನಾಂಡ್ ಕಿಟೆಲ್ ಹೆಸರು ಧಾರವಾಡದವರಿಗೆ ಹೊಸದಲ್ಲ. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾಯಿತು. ಇಂದಿಗೂ ಪದದ ಅರ್ಥಕ್ಕೆ ಜನ ಅದರ ಬಳಿ ಹೋಗುತ್ತಾರೆ. ಆದರೆ ಕನ್ನಡ ಬರದವರ ಕೈಗೆ ಅದನ್ನು ಕೊಟ್ಟು ಮೊದಲ ಪುಟದಿಂದ ಓದಿ ಎಂದರೆ? ಅವರು ಮಾತಾಡಲು ಎಂದೂ ಕಲಿಯಲಾರರು. ಮಾತು ಕಲಿಯಲು ಬೇಕಾದದ್ದು ಬೇರೆ ಪುಸ್ತಕ. "ನೀರು ಕೊಡಿ", "ಬಸ್ ಎಷ್ಟು ಗಂಟೆಗೆ" ಎಂದು ಶುರುವಾಗುವಂಥದ್ದು.

ಪ್ರೋಗ್ರಾಮಿಂಗ್ ಪುಸ್ತಕಗಳಲ್ಲೂ ಈ ಎರಡು ಜಾತಿ ಇವೆ. ಒಂದು ಕಲಿಸುವ ಪುಸ್ತಕ. ಕ್ರಮವಾಗಿ ಓದಬೇಕು, ಎಷ್ಟೋ ವಿಷಯಗಳನ್ನು ಬೇಕಂತಲೇ ಬಿಟ್ಟಿರುತ್ತದೆ. ಇನ್ನೊಂದು ಹುಡುಕುವ ಪುಸ್ತಕ. ಎಲ್ಲ ಇರುತ್ತದೆ, ಆದರೆ ಕ್ರಮವಾಗಿ ಓದಲು ಬರೆದದ್ದಲ್ಲ. ನಾನು ಕೊಂಡ ಎಂಟುನೂರು ಪುಟದ್ದು ಎರಡನೆಯ ಜಾತಿಯದು. ಅದು ಆವೃತ್ತಿ ಸರಿ ಇದ್ದಿದ್ದರೂ ನನಗೆ ಕಲಿಸುತ್ತಿರಲಿಲ್ಲ. ಗುರುತು ಹಿಡಿಯುವುದು ಸುಲಭ. ಮೂರನೇ ಅಧ್ಯಾಯ ತೆರೆಯಿರಿ. ಅದು ಒಂದನೇ, ಎರಡನೇ ಅಧ್ಯಾಯದಲ್ಲಿ ಹೇಳಿದ್ದನ್ನಷ್ಟೇ ಬಳಸುತ್ತಿದ್ದರೆ ಕಲಿಸುವ ಪುಸ್ತಕ. ಹನ್ನೊಂದನೇ ಅಧ್ಯಾಯ ನೋಡಿ, ಇಪ್ಪತ್ತನೆಯದು ನೋಡಿ ಎಂದು ಸಾಲುಸಾಲಿಗೂ ಕಳಿಸುತ್ತಿದ್ದರೆ ಅದು ನಿಘಂಟು.

ಹುಡುಕುವ ಪುಸ್ತಕವನ್ನು ಈಗ ದುಡ್ಡು ಕೊಟ್ಟು ಕೊಳ್ಳುವ ಅಗತ್ಯವೂ ಇಲ್ಲ. ಹೆಚ್ಚಿನ ದೊಡ್ಡ ಭಾಷೆಗಳ ಅಧಿಕೃತ ವಿವರಣೆ ಇಂಟರ್ನೆಟ್‌ನಲ್ಲಿ ಉಚಿತವಾಗಿದೆ, ಅಚ್ಚಿನ ಪುಸ್ತಕಕ್ಕಿಂತ ಹೊಸದಾಗಿಯೂ ಇರುತ್ತದೆ. ನಿಮ್ಮ ದುಡ್ಡು ಕಲಿಸುವ ಪುಸ್ತಕಕ್ಕೆ ಹೋಗಲಿ.

ಸೆಮಿಸ್ಟರ್ ಗೈಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪರೀಕ್ಷೆಗೆ ಬೇಕು, ಇಟ್ಟುಕೊಳ್ಳಿ. ಅದರಿಂದ ಕೋಡ್ ಬರೆಯಲು ಬರುವುದಿಲ್ಲ.

ಇಂಗ್ಲಿಷ್ ಎಂಬ ಭಯ

ಕನ್ನಡ ಮಾಧ್ಯಮದ ಹುಡುಗರು ಮೊದಲ ದಿನ ಬಂದು ಹೇಳುವುದು, "ನಮ್ಮ ಇಂಗ್ಲಿಷ್ ಕಡಿಮೆ ಐತ್ರಿ." ಅವರಿಗೆ ನಾನು ಒಂದು ಲೆಕ್ಕ ಹೇಳುತ್ತೇನೆ. 1988ರ ಆ ಪುಸ್ತಕ ಕಲಿಸುವ ಸಿ ಯಲ್ಲಿ ಭಾಷೆ ತನಗಾಗಿ ಕಾದಿಟ್ಟ ಪದಗಳು 32. ಇಂದಿನ ಪೈಥಾನ್‌ನಲ್ಲಿ 35. ಇಫ್, ಎಲ್ಸ್, ವೈಲ್, ರಿಟರ್ನ್, ಇಷ್ಟೇ. ಒಂದು ವಾರದಲ್ಲಿ ಬಾಯಿಗೆ ಬರುತ್ತವೆ. ವೇರಿಯಬಲ್ ಹೆಸರನ್ನು ಪೈಥಾನ್ 3ರಲ್ಲಿ ಕನ್ನಡ ಲಿಪಿಯಲ್ಲೇ ಇಡಬಹುದು. 'ಬೆಲೆ', 'ತೂಕ' ಎಂದು ಬರೆದು ಗುಣಿಸಿದರೆ ಉತ್ತರ ಬರುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಎಲ್ಲರ ಜೊತೆ ಬರೆಯುವಾಗ ಹೀಗೆ ಮಾಡಲಾಗುವುದಿಲ್ಲ, ನಿಜ. ಮೊದಲ ತಿಂಗಳಲ್ಲಿ ಮಾಡಿ. ಧೈರ್ಯ ಬರುತ್ತದೆ.

ಕಷ್ಟ ಇರುವುದು ಆ 35 ಪದಗಳಲ್ಲಿ ಅಲ್ಲ. ಅವುಗಳ ನಡುವಿನ ವಿವರಣೆಯಲ್ಲಿ. ಕೆಲವು ಹೆಸರುವಾಸಿ ಪುಸ್ತಕಗಳು ತಮಾಷೆಯಾಗಿ ಬರೆದಿರುತ್ತವೆ. ಆ ತಮಾಷೆ ಅಮೆರಿಕದ ಓದುಗರಿಗೆ ಸಹಾಯ. ನಮ್ಮ ಹುಡುಗರಿಗೆ ಅದೇ ಅಡ್ಡಿ. ಬೇಸ್‌ಬಾಲ್ ಅಂಕಗಳ ಉದಾಹರಣೆ ಕೊಟ್ಟರೆ ಮೊದಲು ಆಟ ಅರ್ಥ ಮಾಡಿಕೊಳ್ಳಬೇಕು, ಆಮೇಲೆ ಲೂಪ್. ಎರಡು ಹೊರೆ ಒಟ್ಟಿಗೆ. ಹಾಗಾಗಿ ನಾನು ಚಿಕ್ಕ ವಾಕ್ಯದ, ನೇರ ಮಾತಿನ, ಸ್ವಲ್ಪ ಒಣ ಅನ್ನಿಸುವ ಪುಸ್ತಕವನ್ನೇ ಆರಿಸಿ ಕೊಡುತ್ತೇನೆ. ಅಂಗಡಿಯಲ್ಲಿ ನಿಂತು ಮಧ್ಯದ ಒಂದು ಪುಟ ಓದಿ. ತಾಂತ್ರಿಕ ಪದ ಬಿಟ್ಟು ಬೇರೆ ಐದಾರು ಪದ ಗೊತ್ತಾಗದಿದ್ದರೆ ಆ ಪುಸ್ತಕ ಸದ್ಯಕ್ಕೆ ಬೇಡ. ಪುಸ್ತಕವೂ ಕೆಟ್ಟದ್ದಲ್ಲ, ನೀವೂ ದಡ್ಡರಲ್ಲ. ಆರು ತಿಂಗಳ ನಂತರ ಮತ್ತೆ ನೋಡಿ.

ಓದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಒಂದು ಪ್ಯಾರಾ ಓದಿದ ಮೇಲೆ ಅರ್ಥವಾದದ್ದನ್ನು ನಿಮ್ಮ ಮನೆಯ ಕನ್ನಡದಲ್ಲಿ ಬರೆಯಿರಿ. ನವಲಗುಂದದ ಒಬ್ಬಳು ಫಂಕ್ಷನ್ ಬಗ್ಗೆ ಬರೆದದ್ದು ನನಗೆ ಬಹಳ ಹಿಡಿಸಿತು: "ಗಿರಣಿ ಇದ್ದಂಗ. ಜ್ವಾಳ ಹಾಕಿದ್ರ ಜ್ವಾಳದ ಹಿಟ್ಟು, ಗೋದಿ ಹಾಕಿದ್ರ ಗೋದಿ ಹಿಟ್ಟು. ಗಿರಣಿ ಒಂದs." ಪುಸ್ತಕದ ಎರಡು ಪುಟ ಇಷ್ಟರಲ್ಲಿ ಬಂದುಬಿಟ್ಟಿತ್ತು. ಅವಳಿಗೆ ಅದು ಅರ್ಥವಾಗಿದೆಯಾ ಎಂದು ನಾನು ಮತ್ತೆ ಕೇಳಬೇಕಾಗಲಿಲ್ಲ.

ತಪ್ಪು ತೋರಿಸುವ ಪುಸ್ತಕ

ನಾನು ಯಾವುದೇ ಹೊಸ ಪುಸ್ತಕದಲ್ಲಿ ಮೊದಲು ಹುಡುಕುವುದು ಎರರ್ ಮೆಸೇಜ್‌ಗಳನ್ನು. ಕೋಡ್ ಬರೆಯುವವರ ದಿನದಲ್ಲಿ ಬಹಳ ಹೊತ್ತು ಹೋಗುವುದು ಕೆಟ್ಟದ್ದನ್ನು ಸರಿಮಾಡುವುದರಲ್ಲಿ. ಆದರೆ ಹೆಚ್ಚಿನ ಪುಸ್ತಕಗಳಲ್ಲಿ ಎಲ್ಲ ಪ್ರೋಗ್ರಾಮೂ ಮೊದಲ ಸಲಕ್ಕೇ ಸರಿಯಾಗಿ ಓಡುತ್ತದೆ. ಓದಿದವರಿಗೆ ತಮ್ಮದು ಮಾತ್ರ ಓಡುವುದಿಲ್ಲ ಅನ್ನಿಸುತ್ತದೆ. ಒಳ್ಳೆಯ ಪುಸ್ತಕ ಬೇಕಂತಲೇ ತಪ್ಪು ಕೋಡ್ ಕೊಡುತ್ತದೆ, ಬರುವ ಎರರ್ ಅನ್ನು ಹಾಗೇ ಅಚ್ಚು ಮಾಡುತ್ತದೆ, ಅದರ ಯಾವ ಸಾಲನ್ನು ಮೊದಲು ಓದಬೇಕು ಎಂದು ಹೇಳುತ್ತದೆ. ಪೈಥಾನ್‌ನಲ್ಲಿ ಎರರ್‌ನ ಕೊನೆಯ ಸಾಲನ್ನು ಮೊದಲು ಓದಬೇಕು. ಸಿ ಕಂಪೈಲರ್ ಇಪ್ಪತ್ತು ಎರರ್ ಕೊಟ್ಟರೆ ಮೊದಲನೆಯದನ್ನು ಸರಿಮಾಡಬೇಕು, ಉಳಿದವು ಎಷ್ಟೋ ಸಲ ಅದರ ಮಕ್ಕಳು. ಇಂಥ ಮಾತು ಹೇಳುವ ಪುಸ್ತಕಕ್ಕೆ ನಾನು ಕಣ್ಣು ಮುಚ್ಚಿ ದುಡ್ಡು ಕೊಡುತ್ತೇನೆ.

ಅದರ ನಂತರ ನೋಡುವುದು ಅಧ್ಯಾಯದ ಕೊನೆಯ ಅಭ್ಯಾಸ. "ಲೂಪ್ ಎಂದರೇನು? ವಿವರಿಸಿ" ಎಂಬ ಪ್ರಶ್ನೆಗಳೇ ಇದ್ದರೆ ಕೆಳಗಿಡಿ. ಏನಾದರೂ ಮಾಡಿ ತೋರಿಸಿ ಎಂದು ಕೇಳುವ ಪ್ರಶ್ನೆ ಬೇಕು. ಮೊದಲ ಒಂದೆರಡು ಸುಲಭ, ಕೊನೆಯದು ಒಂದು ಸಂಜೆ ಹಿಡಿಯುವಂಥದ್ದು.

ಕೊಳ್ಳುವ ಮೊದಲು ಒಂದು ಅಧ್ಯಾಯ ಮಾಡಿ ನೋಡುವ ಅನುಕೂಲವೂ ಈಗ ಇದೆ. ಅಲೆನ್ ಡೌನಿ ಅವರ 'ಥಿಂಕ್ ಪೈಥಾನ್' ಪುಸ್ತಕವನ್ನು ಅವರೇ ಇಂಟರ್ನೆಟ್‌ನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಕದ್ದ ಪಿಡಿಎಫ್ ಬೇಕಿಲ್ಲ. ಫಂಕ್ಷನ್ ಅಧ್ಯಾಯವನ್ನೇ ಆರಿಸಿ, ಕೀಬೋರ್ಡ್ ಮುಂದೆ ಕೂತು ಎಲ್ಲವನ್ನೂ ಕೈಯಿಂದ ಟೈಪ್ ಮಾಡಿ. ಕಾಪಿ ಮಾಡಬೇಡಿ. ಟೈಪ್ ಮಾಡುವಾಗ ಆಗುವ ತಪ್ಪೇ ಅರ್ಧ ಪಾಠ. ನಾನು ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ಪ್ರೋಗ್ರಾಮಿಂಗ್ ಪುಸ್ತಕ ಓದಲು ನೋಡಿದ್ದೇನೆ. ಓದುವಾಗ ಎಲ್ಲ ತಿಳಿದಂತೆ ಆಗುತ್ತದೆ, ಇಳಿದ ಮೇಲೆ ಕೈ ಓಡುವುದಿಲ್ಲ. ಬಸ್ಸಿನಲ್ಲಿ ಒಂದು ಸಲ ಓದಿದ ಅಧ್ಯಾಯವನ್ನು ಎರಡನೇ ಸಲ ಓದಬಹುದು. ಮೊದಲ ಓದು ಕಂಪ್ಯೂಟರ್ ಮುಂದೆಯೇ ಆಗಬೇಕು.

ಒಂದು ಸಲಕ್ಕೆ ಒಂದೇ ಪುಸ್ತಕ. ಒಂದು ವಿಷಯ ಎರಡು ಸಲ ಓದಿದರೂ ಹಿಡಿಯದಿದ್ದರೆ ಆ ವಿಷಯಕ್ಕೆ ಮಾತ್ರ ಲೈಬ್ರರಿಯಿಂದ ಇನ್ನೊಂದು ತನ್ನಿ, ಓದಿ ವಾಪಸ್ ಕೊಡಿ. ಮತ್ತೆ ಮೊದಲಿನದಕ್ಕೇ ಬನ್ನಿ. ಈಗ ಎಐ ಚಾಟ್‌ನಲ್ಲಿ ಕೇಳಿದರೆ ಸಾಕಲ್ವಾ ಎಂದು ಹುಡುಗರು ಕೇಳುತ್ತಾರೆ. ಕೇಳಿ, ನಾನೂ ಕೇಳುತ್ತೇನೆ. ಆದರೆ ಹೊಸಬರಿಗೆ ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ ಎಂದು ಗೊತ್ತಿರುವುದಿಲ್ಲ. ಆ ಕ್ರಮವನ್ನು ವರ್ಷಗಟ್ಟಲೆ ಪಾಠ ಮಾಡಿದ ಒಬ್ಬರು ಕೂತು ಯೋಚಿಸಿ ಇಟ್ಟಿರುತ್ತಾರೆ. ಪುಸ್ತಕಕ್ಕೆ ಕೊಡುವ ದುಡ್ಡು ಹೆಚ್ಚಾಗಿ ಆ ಕ್ರಮಕ್ಕೆ.

ಹುಬ್ಬಳ್ಳಿಯ ಅಕ್ಷರ ಕೇಳಿದ ಹುಡುಗನಿಗೆ ನಾನು ಹೊಸ ಪುಸ್ತಕ ಕೊಡಿಸಲಿಲ್ಲ. ಅವನದು ಕಲಿಸುವ ಪುಸ್ತಕವೇ, ಪೈಥಾನ್ 3ರದೇ, ಅಭ್ಯಾಸಗಳೂ ಚೆನ್ನಾಗಿದ್ದವು. ಅದರಲ್ಲಿ ಇರದ ಎರಡು ಸಾಲಿನ ವಿಷಯ ಪೈಥಾನ್‌ನ ಅಧಿಕೃತ ವಿವರಣೆಯಲ್ಲಿ ಸಿಕ್ಕಿತು. ಪ್ರತಿ ಸಂಕೇತ ಯಾವ ಬಗೆಯದು, ಅಕ್ಷರವೋ ಬರೀ ಚಿಹ್ನೆಯೋ ಎಂದು ಹೇಳುವ ಒಂದು ಸೌಲಭ್ಯ ಪೈಥಾನ್ ಒಳಗೇ ಇದೆ. ಅವನು ಎರಡು ನಿಯಮ ಬರೆದುಕೊಂಡ. ಚಿಹ್ನೆ ಬಂದರೆ ಎಣಿಸಬಾರದು. ವಿರಾಮದ ನಂತರ ಬರುವ ವ್ಯಂಜನ ಒತ್ತು, ಅದನ್ನೂ ಎಣಿಸಬಾರದು. ಅದಕ್ಕೆ ಬೇಕಾದದ್ದು ಒಂದು ಲೂಪ್, ಒಂದು ಇಫ್. ಎರಡೂ ಅವನ ಪುಸ್ತಕದ ಮೊದಲ ಅರ್ಧದಲ್ಲಿದ್ದವು. ಹುಬ್ಬಳ್ಳಿಗೆ 3 ಬಂತು. ಆಮೇಲೆ ಒಂದು ಕಷ್ಟದ ಊರು ಬೇಕು ಎಂದು ಯೋಚಿಸಿ ಲಕ್ಷ್ಮೇಶ್ವರ ಟೈಪ್ ಮಾಡಿದ. ಪೈಥಾನ್ ಲೆಕ್ಕಕ್ಕೆ 11, ಅವನ ಪ್ರೋಗ್ರಾಮಿನ ಲೆಕ್ಕಕ್ಕೆ 4. ಲ, ಕ್ಷ್ಮೇ, ಶ್ವ, ರ ಎಂದು ಎಲ್ಲರೂ ಬೆರಳು ಮಡಚಿ ಎಣಿಸಿ ನೋಡಿದೆವು.